ಭೀಮೆ–ಕೃಷ್ಣೆಯರ ನಡುವಿನ ಶಾಲೆಗಳು

ವಿಜಯಪುರಕ್ಕೆ ಬಂದ ಪ್ರವಾಸಿಕನು ಗೋಳಗುಮ್ಮಟದಲ್ಲಿ ತನ್ನ ದನಿಯ ಮಾರ್ದನಿಯನ್ನು ಆಲಿಸಿ, ಇಬ್ರಾಹಿಂ ರೋಜಾವನ್ನು ಕಂಡು ಮರಳುವುದು ವಾಡಿಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಾದಿ ಹಿಡಿಯುವವರು ವಿರಳ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಕಣ್ಣು ಹರಿದಷ್ಟು ದೂರ ಎರೆಭೂಮಿ, ಹಿಂಗಾರಿನ ಬಿಳಿಜೋಳ. ಡೋಣಿಯ ದಂಡೆ ಬೆಳೆದರೆ ಓಣಿಗೆಲ್ಲ ಕಾಳು ಎಂಬುದು ಇಲ್ಲಿಯವರ ನಂಬುಗೆ. ಬೆಳೆಯದ ವರ್ಷದ ಕಥೆಯನ್ನು ಅರಿಯಬೇಕಾದರೆ ಊರಿನ ಕನ್ನಡ ಶಾಲೆಯ ಹಾಜರಿ ಪುಸ್ತಕವನ್ನು ತೆರೆಯಬೇಕು.

ಇಂಡಿಯೆಂದರೆ ನಿಂಬೆಯ ನಾಡು. ಹಿಂದೆ ಈ ತಾಲ್ಲೂಕಿಗೇ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಹಳ್ಳಿಯ ಹೆಂಗಳೆಯರ ಹಾಡುಗಳನ್ನು ಸಂಗ್ರಹಿಸಿ, 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಬೆಳಕಿಗೆ ತಂದರು. ಆ ಗೆಳೆಯರಲ್ಲೊಬ್ಬರಾದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರು. ಒಬ್ಬ ಮಾಸ್ತರನಿಂದ ಒಂದು ಸೀಮೆಗೆ ಏನು ದೊರೆಯಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಅಂಥ ಮಾಸ್ತರರು ಎಷ್ಟು ಮಂದಿ ಇರಬೇಕೆಂಬುದನ್ನು ಈಗ ಕಾನೂನೇ ಗೊತ್ತುಪಡಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ, ಒಂದರಿಂದ ಐದನೆಯ ಇಯತ್ತೆಯವರೆಗೆ 60 ಮಕ್ಕಳಿದ್ದರೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರು. ಲೆಕ್ಕವು ಕಾಗದದ ಮೇಲೆ ಅಚ್ಚುಕಟ್ಟಾಗಿದೆ. ಆದರೆ ಮಕ್ಕಳು 60, ಇಯತ್ತೆಗಳು ಐದು, ಶಿಕ್ಷಕರು ಇಬ್ಬರು. ಮೊದಲ ಮೂರು ಇಯತ್ತೆಗಳು ‘ನಲಿ-ಕಲಿ’ಯ ಒಂದೇ ಕೋಣೆಯಲ್ಲಿ ಕೂಡುತ್ತವೆ, ಉಳಿದೆರಡು ಇನ್ನೊಬ್ಬರ ಪಾಲು. ಅವರಲ್ಲೊಬ್ಬರು ಮತದಾರರ ಪಟ್ಟಿಯ ಕೆಲಸಕ್ಕೋ ಸಭೆಗೋ ತೆರಳಿದ ದಿನ ಅರವತ್ತೂ ಮಕ್ಕಳು ಒಬ್ಬರ ಕಣ್ಗಾವಲಿಗೆ ಬರುತ್ತಾರೆ. ಅಂದು ಪಾಠವು ಗದ್ದಲವಾಗದಂತೆ ನೋಡಿಕೊಳ್ಳುವುದೇ ಪಾಠ!

ದೀಪಾವಳಿಯ ಸುಮಾರಿಗೆ ಇನ್ನೊಂದು ತೊಡಕು ತಲೆದೋರುತ್ತದೆ. ಕಬ್ಬು ಕಡಿಯುವ ಟೋಳಿಗಳು ಮಹಾರಾಷ್ಟ್ರದ ಕಡೆಗೆ ಹೊರಡುತ್ತವೆ. ಕಟ್ಟಡದ ಕೂಲಿಗೆಂದು ಗೋವೆಗೆ ಹೋಗುವವರೂ ಉಂಟು. ತಾಂಡಾಗಳಿಂದ, ಹಳ್ಳಿಗಳ ಕೇರಿಗಳಿಂದ ತಂದೆತಾಯಿಯರೊಡನೆ ಮಕ್ಕಳೂ ಹೋಗುತ್ತಾರೆ. ದಾಖಲಾತಿಯು 61ರಿಂದ 60ಕ್ಕೆ ಇಳಿಯಿತೆಂದರೆ ಮೂರನೆಯ ಶಿಕ್ಷಕರು ‘ಹೆಚ್ಚುವರಿ’ ಎನಿಸಿಕೊಂಡು ಬೇರೆ ಊರಿಗೆ ವರ್ಗವಾಗಬಹುದು. ಸುಗ್ಗಿ ಮುಗಿದು ಮಕ್ಕಳು ಮರಳಿದಾಗ, ಅಕ್ಷರ ಮರೆತವರ ಕೈಹಿಡಿದು ನಡೆಸಬೇಕಾದ ಹೊತ್ತಿನಲ್ಲಿಯೇ, ಆ ಕೈ ಇರುವುದಿಲ್ಲ.

ಸಿಂದಗಿಯಿಂದ ಮೂಡಣಕ್ಕೆ ಸಾಗಿದರೆ ಕಲಬುರ್ಗಿ ಜಿಲ್ಲೆ. ಎರೆಮಣ್ಣು ಒಂದೇ, ಬಡತನ ಒಂದೇ, ಬಿಸಿಲೂ ಒಂದೇ. ಆದರೆ ಸಂವಿಧಾನದ 371(ಜೆ) ವಿಧಿಯ ವಿಶೇಷ ನೆರವು ಆಚೆಯ ಊರಿಗುಂಟು, ಈಚೆಯದಕ್ಕಿಲ್ಲ. ಅದು ನಿಜಾಮನ ಸೀಮೆ, ಇದು ಮುಂಬಯಿ ಪ್ರಾಂತ. 1956ರಲ್ಲಿ ಅಳಿಸಿದ ಗಡಿಯು ಶಾಲೆಯ ಅಂಗಳದಲ್ಲಿ ಇನ್ನೂ ತೋರುತ್ತದೆ.

ಕೃಷ್ಣೆಯ ದಿಕ್ಕಿಗೆ ಹೊರಳಿದರೆ ಮುದ್ದೇಬಿಹಾಳ, ಬಸವನ ಬಾಗೇವಾಡಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಅಣೆಕಟ್ಟಿಗಾಗಿ ಹಳ್ಳಿಗಳು ನೀರಿಗಿಳಿದವು. ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಶಾಲೆಗಳು ಎದ್ದವು. ಕಟ್ಟಡಕ್ಕೆ ಹಣ ಒಮ್ಮೆ ಸಾಕು. ಶಿಕ್ಷಕರಿಗಾದರೆ ತಿಂಗಳು ತಿಂಗಳೂ ಬೇಕು. ಬೊಕ್ಕಸಕ್ಕೆ ಬಿಗಿ ಬಂದಾಗ ಮೊದಲು ತಡೆಯುವುದು ಇದೇ. ಒಂದೇ ಶಿಕ್ಷಕರ ಶಾಲೆ ಇರಕೂಡದೆಂದು 1987ರಲ್ಲಿಯೇ ‘ಕಪ್ಪುಹಲಗೆ’ ಯೋಜನೆ ಸಂಕಲ್ಪಿಸಿತ್ತು. ಆದರೆ 2020ರ ಕೊರೋನಾ ಮುಗ್ಗಟ್ಟಿನಲ್ಲಿ ರಾಜ್ಯವು ಹೊಸ ನೇಮಕಗಳನ್ನು ತಡೆಹಿಡಿಯಿತು. 2022ರಲ್ಲಿ 15,000 ಪದವೀಧರ ಶಿಕ್ಷಕರಿಗಾಗಿ ಅರ್ಜಿ ಕರೆದರೆ, ಅಷ್ಟು ಮಂದಿ ಅರ್ಹರೇ ದೊರೆಯಲಿಲ್ಲ. ನಿವೃತ್ತರಾದವರ ಕುರ್ಚಿಯಲ್ಲಿ ಈಗ ‘ಅತಿಥಿ ಶಿಕ್ಷಕ’ರು. ಶಾಲೆ ಆರಂಭವಾದ ಮೇಲೆ ಬಂದು, ವರ್ಷದ ಕೊನೆಗೆ ಬಿಡುಗಡೆ ಹೊಂದುವ ಇವರಿಗೆ ಬೇಸಿಗೆಯಲ್ಲಿ ಗೌರವಧನವಿಲ್ಲ. ಕಲಿಸುವ ಕೆಲಸವೇನೋ ಕಾಯಂ ಶಿಕ್ಷಕರಷ್ಟೇ! ಮನೆಗೆ ಬಂದ ಅತಿಥಿಗೆ ಮೊದಲು ಊಟ ಬಡಿಸುವ ಈ ನಾಡಿನಲ್ಲಿ ಆ ಹೆಸರು ತುಸು ವಿಚಿತ್ರವಾಗಿ ಕೇಳಿಸುತ್ತದೆ.

ಬಾಗೇವಾಡಿಯಲ್ಲಿ ಬಸವೇಶ್ವರನ ಗುಡಿಗೆ ಬರುವ ಯಾತ್ರಿಕರಿಗೆ ಕೊರತೆಯಿಲ್ಲ. ಕಾಯಕವನ್ನೂ ದಾಸೋಹವನ್ನೂ ಜಗತ್ತಿಗೆ ಸಾರಿದ ಮಹಾನುಭಾವನು ಜನಿಸಿದ ಊರಿದು. ಗುಡಿಯ ದರ್ಶನ ಮುಗಿಸಿದವರು ಸಮೀಪದ ಯಾವುದಾದರೊಂದು ಹಳ್ಳಿಯ ಶಾಲೆಗೂ ಹೋಗಿ, ಮಕ್ಕಳನ್ನು ಎಣಿಸಿ, ಶಿಕ್ಷಕರನ್ನೂ ಎಣಿಸಿದರೆ, ಈ ಸೀಮೆಯ ಯಾತ್ರೆ ಪೂರ್ಣವಾದೀತು.