ಮೂಗಿನ ಪಾಲು

ನಮ್ಮ ಮನೆಯಲ್ಲಿ ವಿಸ್ಕಿ ಕುಡಿಯುವವನು ನಾನು. ತೀರ್ಪು ಕೊಡುವವಳು ನನ್ನ ಹೆಂಡತಿ. ಅವಳು ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವಳಲ್ಲ. ಆದರೆ ಮೂಗು ತೀರ್ಥಹಳ್ಳಿ ಕಡೆಯದು. ಅಡಿಕೆ ಬೇಯಿಸುವ ಹಂಡೆ, ಒದ್ದೆ ಕಟ್ಟಿಗೆ, ಅಟ್ಟದ ಮೇಲಿನ ಬೆಲ್ಲದ ಡಬ್ಬಗಳ ನಡುವೆ ಪಳಗಿದ್ದು.

ಒಮ್ಮೆ ಗೆಳೆಯನೊಬ್ಬ ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರೋಯ್ಗ್ ವಿಸ್ಕಿ ತಂದುಕೊಟ್ಟ. ಬಲ್ಲವರ ವರ್ಣನೆ ಓದಿಕೊಂಡಿದ್ದೆ: ಕಡಲ ಪಾಚಿ, ಅಯೋಡಿನ್, ಹೀದರ್ ಹೂವು. ಹೀದರ್ ಹೂವನ್ನು ನಾನು ಕಂಡವನೇ ಅಲ್ಲ. ಕಾಣದ ಹೂವಿನ ವಾಸನೆ ಹುಡುಕುತ್ತ ಅರ್ಧ ಗಂಟೆ ಲೋಟಕ್ಕೆ ಮೂಗು ತೂರಿಸಿ ಕೂತಿದ್ದೆ. ಆ ಕಡೆ ಹಾದುಹೋಗುತ್ತಿದ್ದವಳು ನಿಂತು, ಒಮ್ಮೆ ಮೂಸಿ, "ರೀ, ಇದು ನಮ್ಮಮ್ಮನ ಮನೆ ಬಚ್ಚಲೊಲೆ. ಮಳೆಗಾಲದ್ದು. ಕಟ್ಟಿಗೆ ಒದ್ದೆ ಇದೆ" ಎಂದು ಹೇಳಿ ಒಳಗೆ ಹೋದಳು.

ಅವಳು ಹೇಳಿದ್ದು ಹೆಚ್ಚುಕಡಿಮೆ ನಿಜ. ಐಲಾದಲ್ಲಿ ಮರ ಕಡಿಮೆ. ಜವುಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಕೂತ ಪಾಚಿ, ಹುಲ್ಲು, ಗಿಡಗಂಟಿಯ ಪದರವನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸುತ್ತಾರೆ. ಆ ಪೀಟ್ ಅಲ್ಲಿನವರ ಸೌದೆ. ಮೊಳಕೆ ಬಂದ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸಿದರೆ ವಾಸನೆ ಕಾಳಿನ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಬಟ್ಟಿ ಇಳಿಸಿದರೂ ಬಿಡುವುದಿಲ್ಲ, ಹತ್ತು ವರ್ಷ ಪೀಪಾಯಿಯಲ್ಲಿಟ್ಟರೂ ಬಿಡುವುದಿಲ್ಲ. ಹಾಗೆಂದು ಸ್ಕಾಚೆಲ್ಲ ಹೊಗೆಯಲ್ಲ. ಸ್ಪೇ ನದಿ ಕಣಿವೆಯ ಬಹುಪಾಲು ವಿಸ್ಕಿಗಳಲ್ಲಿ ಹೊಗೆಯ ಸುಳಿವೇ ಇರದು, ಹಣ್ಣಿನ ಘಮವಿರುತ್ತದೆ. ಸ್ಕಾಚ್‌ಗೆ ಕಾನೂನು ಕೇಳುವುದು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷದ ವಾಸ, ಅದೂ ಸ್ಕಾಟ್ಲೆಂಡಿನಲ್ಲೇ.

ಅಂದಿನಿಂದ ಲೋಟ ಮೊದಲು ಅವಳ ಕೈಗೆ. ಬರ್ಬನ್ ಕೊಟ್ಟಾಗ ಯೋಚಿಸಲೂ ಇಲ್ಲ: "ಬೆಲ್ಲದ ಪಾಕ. ಇನ್ನೇನು ತಳ ಹಿಡಿಯುತ್ತೆ, ಇಳಿಸಿ." ಅಮೆರಿಕದ ಈ ವಿಸ್ಕಿಗೆ ಶೇ. 51ರಷ್ಟಾದರೂ ಮೆಕ್ಕೆಜೋಳ ಬೇಕು. ಜೊತೆಗೆ ಒಳಮೈ ಸುಟ್ಟು ಕರಿಕಾಗಿಸಿದ ಹೊಚ್ಚಹೊಸ ಓಕ್ ಪೀಪಾಯಿ. ಸುಟ್ಟ ಮರ ತನ್ನೊಳಗಿನ ಸಿಹಿ, ವೆನಿಲ್ಲಾಗಳ ಹೆಚ್ಚಿನ ಪಾಲನ್ನು ಮೊದಲ ಬಾಡಿಗೆದಾರನಿಗೇ ಧಾರೆಯೆರೆಯುತ್ತದೆ. ಎರಡನೇ ಸಲ ಅದರಲ್ಲಿ ಬರ್ಬನ್ ತುಂಬುವಂತಿಲ್ಲವಾದ್ದರಿಂದ ಹಳೇ ಪೀಪಾಯಿಗಳು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ. ಸ್ಕಾಚಿನ ಎಷ್ಟೋ ನಯ ಈ ಎರಡನೇ ಸಂಸಾರದ ಫಲ. ಮೆಕ್ಕೆಜೋಳದ ಬದಲು ರೈ ಧಾನ್ಯ ಮುಂದಾದರೆ ಮೆಣಸಿನ ಖಾರ ಮೂಗಿಗೇರುತ್ತದೆ. ರೈ ವಿಸ್ಕಿ ಕೊಟ್ಟ ದಿನ ಅವಳು ಸೀನಿದಳು, ಅಷ್ಟೇ.

ಐರಿಶ್ ವಿಸ್ಕಿಯ ಹಿಂದೆ ಒಂದು ಜಾಣತನವಿದೆ. 1785ರಲ್ಲಿ ಮೊಳಕೆ ಬಾರ್ಲಿಗೆ ತೆರಿಗೆ ಬಿತ್ತು. ಅಲ್ಲಿಯವರು ಮೊಳಕೆ ಬರಿಸದ ಬಾರ್ಲಿಯನ್ನೂ ಬೆರೆಸತೊಡಗಿದರು. ಉಳಿಸಲು ಹೊರಟದ್ದು ಕಾಸು, ಹುಟ್ಟಿದ್ದು ಒಂದು ಹೊಸ ರುಚಿ! ಸಾಮಾನ್ಯವಾಗಿ ಮೂರು ಸಲ ಬಟ್ಟಿ ಇಳಿಸುವುದರಿಂದ ಗಂಟಲಲ್ಲಿ ಮೆತ್ತಗೆ ಜಾರುತ್ತದೆ. ಅವರ ಹಟವೂ ಕಡಿಮೆಯದಲ್ಲ. ಇನಿಯಸ್ ಕಾಫಿ ಎಂಬ ಐರ್ಲೆಂಡಿನದೇ ಮಾಜಿ ಅಬಕಾರಿ ಅಧಿಕಾರಿ ನಿಲ್ಲದೆ ಬಟ್ಟಿ ಇಳಿಸುವ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದ. ಊರಿನವರು ಮೂಗು ಮುರಿದರು, ಸ್ಕಾಟರು ಎರಡೂ ಕೈಯಲ್ಲಿ ಬಾಚಿಕೊಂಡರು, ಬ್ಲೆಂಡೆಡ್ ಸ್ಕಾಚಿನ ಸಾಮ್ರಾಜ್ಯ ಕಟ್ಟಿದರು. ಹೆಸರಿನ ಇಂಗ್ಲಿಷ್ ಬರಹದಲ್ಲೂ ಐರಿಶರದು ಒಂದಕ್ಷರ ಹೆಚ್ಚು. ಕನ್ನಡದಲ್ಲಿ ಬರೆಯುವವನಿಗೆ ಆ ತಕರಾರಿಲ್ಲ.

ಇನ್ನು ನಮ್ಮದು. ಕಾಲೇಜು ದಿನಗಳಲ್ಲಿ ನಾವು ವಿಸ್ಕಿಯೆಂದು ನಂಬಿ ಕುಡಿದದ್ದರಲ್ಲಿ ಹೆಚ್ಚಿನದು ಕಾಕಂಬಿಯ ಸ್ಪಿರಿಟ್. ಯುರೋಪಿನಲ್ಲಿ ಅದಕ್ಕೆ ವಿಸ್ಕಿಯೆಂಬ ಹೆಸರೇ ಸಲ್ಲದು, ಧಾನ್ಯದಿಂದಲೇ ಆಗಬೇಕು. ಆ ಸಂಕೋಚವನ್ನು ತೊಳೆದದ್ದು ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರದ ಅಮೃತ್ ಡಿಸ್ಟಿಲರಿ. 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಕಮ್ಮಾರರ ಬೀದಿಯಲ್ಲಿ ಸೂಜಿ ಮಾರುವ ಧೈರ್ಯ! ಪೀಪಾಯಿಯಿಂದ ಆವಿಯಾಗಿ ಹೋಗುವುದನ್ನು ದೇವದೂತರ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇ. 2ರ ಆಸುಪಾಸು, ಬೆಂಗಳೂರಿನ ದೇವದೂತರು ಶೇ. 10ಕ್ಕೂ ಮೀರಿ ಹೀರುತ್ತಾರೆ. ಇಲ್ಲಿನ ಬಿಸಿಲು ಮರವೂ ತನ್ನ ಸಾರವನ್ನು ಬೇಗ ಬಿಟ್ಟುಕೊಡುವಂತೆ ಮಾಡುತ್ತದೆ. ನಾಲ್ಕೈದು ವರ್ಷಕ್ಕೇ ಮದ್ಯ ಪಕ್ವ. ಬಾಟಲಿಯ ಮೇಲಿನ ವಯಸ್ಸು ನೋಡಿ ಬೆರಗಾಗುವ ಚಾಳಿ ನನ್ನನ್ನು ಬಿಟ್ಟದ್ದು ಇದರಿಂದಲೇ. ಬಣ್ಣವನ್ನಂತೂ ನಂಬಲೇಬೇಡಿ, ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಅಲ್ಲಿನ ಕಾನೂನೇ ಒಪ್ಪುತ್ತದೆ.

ಅಮೃತ್‌ನವರ ಫ್ಯೂಷನ್ ಎಂಬ ವಿಸ್ಕಿಯಲ್ಲಿ ಭಾರತದ ಬಾರ್ಲಿಯ ಜೊತೆ ಪೀಟ್ ಹೊಗೆಯಾಡಿದ ಸ್ಕಾಟ್ಲೆಂಡಿನ ಬಾರ್ಲಿಯೂ ಸೇರಿದೆ. ಅದನ್ನು ಹೇಳದೆಯೇ ಲೋಟ ಚಾಚಿದೆ. ಎರಡು ಸಲ ಮೂಸಿದಳು. "ಒಳಗೆ ಪಾಕ ಕುದೀತಿದೆ, ಹಿತ್ತಲಲ್ಲಿ ಬಚ್ಚಲೊಲೆ ಹಚ್ಚಿದ್ದಾರೆ. ಎರಡು ಮನೆ ಸಾಮಾನು ಒಂದೇ ಮನೇಲಿಟ್ಟ ಹಾಗಿದೆಯಲ್ಲ?"

ಬಲ್ಲವರು ಖಾಲಿ ಲೋಟವನ್ನು ಮಾರನೇ ದಿನವೂ ಮೂಸುತ್ತಾರೆ. ಮದ್ಯಸಾರ ಆರಿ ಹೋಗಿ ಕಾಳು, ಮರ, ಹೊಗೆ ಮಾತ್ರ ತಳದಲ್ಲಿ ಉಳಿದಿರುತ್ತವೆ. ಇದನ್ನು ಅವಳಿಗೆ ನಾನು ಹೇಳಿರಲಿಲ್ಲ. ಮೊನ್ನೆ ಬೆಳಗ್ಗೆ ಸಿಂಕಿನ ಮುಂದೆ, ನಲ್ಲಿ ತಿರುಗಿಸುವ ಮುನ್ನ, ಲೋಟವನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದಳು. ನನ್ನನ್ನು ಕಂಡದ್ದೇ ನೀರು ಬಿಟ್ಟಳು.