ಕೊನೆಯ ಸಾಲು

ವಾಹನ ಕೊಳ್ಳುವ ಯಜಮಾನನು ಕೂರುವುದು ಮುಂದಿನ ಪೀಠದಲ್ಲಿ; ಕೊನೆಯ ಸಾಲಿನ ಗೋಳು ಆತನಿಗೆ ತಿಳಿಯುವುದೆಂತು?

ಬೆಂಗಳೂರಿನ ರಾಯರದು ಎಂಟು ಮಂದಿಯ ಸಂಸಾರ. ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಬೀದಿಗಿಳಿದ ಕ್ವಾಲಿಸ್ ಅವರ ಹಳೆಯ ಬಂಡಿ. ಅದರ ಹಿಂಬದಿಯಲ್ಲಿ ಮಕ್ಕಳು ಎದುರುಬದುರು ಕುಳಿತು ಹಾಡುತ್ತಿದ್ದರು. ಅದು ಮುದಿಯಾಯಿತು. ಹೊಸ ಬಂಡಿಗಳಲ್ಲಿ ನಡುವೆ ಬಿಡಿ ಪೀಠಗಳೆರಡಾದರೆ ಒಟ್ಟು ಏಳೇ ಜನ, ಉದ್ದ ಪೀಠವಾದರೆ ಎಂಟು. ರಾಯರು ಎಂಟನ್ನೇ ಒಪ್ಪಿ, ಎಂಜಿನ್ನು, ಮೈಲೇಜುಗಳ ವಿಚಾರದಲ್ಲಿ ಮುಳುಗಿದರು. ಅಷ್ಟರಲ್ಲಿ ಅವರ ತಾಯಿ ನಡುವಣ ಪೀಠವನ್ನು ಮಡಚಿಸಿ, ತಾವಾಗಿಯೇ ಹಿಂದಕ್ಕೆ ನುಸುಳಿ ಕುಳಿತಿದ್ದರು. ಮೊಣಕಾಲು ಎದೆಯ ಮಟ್ಟಕ್ಕೆ. (ಪೆಟ್ಟಿಗೆಗಳಿಗೆ ಆಮೇಲೆ ಸ್ಥಳವೆಲ್ಲಿ, ಅದು ಬೇರೆ ಮಾತು.)

"ನನಗೇನಪ್ಪ, ಹಾಯಾಗಿದೆ," ಎಂದರು.

ಮುಂಗಡದ ಚೆಕ್ಕು ಬರೆಯುತ್ತಿದ್ದ ರಾಯರು ಲೇಖನಿ ಮುಚ್ಚಿ, ತಾಯಿಯನ್ನು ಕೈಹಿಡಿದು ಇಳಿಸಿ, ತಾವೇ ಅಲ್ಲಿ ಹತ್ತಿ ಕುಳಿತರು. ಇಳಿದವರು, ಬೇರೆ ಬಂಡಿ ತೋರಿಸಿರೆಂದರು.