ಖಾಲಿಯಾಗದ ಸೆಲ್ಲು

ನಮ್ಮ ಗದಗಿನ ಕಡೆ ವಾಚಿಗೆ ಬ್ಯಾಟರಿ ಹಾಕುವುದಿಲ್ಲ, ಸೆಲ್ಲು ಹಾಕುತ್ತಾರೆ. ಬ್ಯಾಟರಿ ಎಂದರೆ ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವಾಗ ಕೈಯಲ್ಲಿರುವುದು; ಅದರ ಹೊಟ್ಟೆಗೆ ಹೋಗುವುದು ಸೆಲ್ಲು. ಪುಣೆಯಲ್ಲಿ ಮರಾಠಿಯವರೂ ಸೆಲ್ ಎಂದೇ ಅನ್ನುವುದರಿಂದ, ನನ್ನಲ್ಲಿಗೆ ಬಂದ ಅಪ್ಪ ಅಂಗಡಿಗೆ ಹೋಗಿದ್ದರೂ ಮಾತಿಗೆ ತೊಡಕಾಗುತ್ತಿರಲಿಲ್ಲ. ಆದರೂ ಈ ಸಲ ಅವರ ವಾಚನ್ನು ನಾನೇ ಬಿಚ್ಚಿದೆ.

ಅದು ಕ್ಯಾಸಿಯೊ ಎಫ್-91ಡಬ್ಲ್ಯೂ. 1989ರಲ್ಲಿ ಬಂದ ಮಾದರಿ. ಸೆಲ್ಲು ಸುಮಾರು 7 ವರ್ಷ ಬಾಳುತ್ತದೆ ಎಂದು ಕಂಪನಿಯ ಮಾತು. ದೀಪದ ಗುಂಡಿ ಒತ್ತಿದರೆ ಅಂಕಿಗಳೇ ಮಾಸಿಹೋಗುತ್ತಿದ್ದವು.

ಹಿಂದಿನ ಮುಚ್ಚಳಕ್ಕೆ ನಾಲ್ಕು ಪುಟ್ಟ ಸ್ಕ್ರೂ. ಸುತ್ತ ನೀರು ತಡೆಯುವ ತೆಳ್ಳನೆಯ ರಬ್ಬರ್ ಬಳೆ. ಅಲಾರಾಂ ಕೂಗಿಸುವ ಒಂದು ಸ್ಪ್ರಿಂಗ್ ಇದೆ, ಜೀರಿಗೆ ಕಾಳಿನಷ್ಟು. ಬಿಳಿ ಬಟ್ಟೆ ಹಾಸಿ ಕೂತರೆ ಒಳ್ಳೆಯದು. ಸೆಲ್ಲಿನ ಮೇಲೆ ಸಿಆರ್2016 ಎಂದಿತ್ತು. ಭಾಷಾವಿಜ್ಞಾನ ಓದಿದವರಿಗೆ ಇಂಥದ್ದು ಕಂಡರೆ ಬಿಡಿಸಿ ನೋಡದೆ ಸಮಾಧಾನವಿಲ್ಲ. ಸಿ ಎಂದರೆ ಲಿಥಿಯಂ ಜಾತಿಯದು, ಆರ್ ಎಂದರೆ ದುಂಡಗಿನದು, 20 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ದಪ್ಪ. ನಮ್ಮ ಎಷ್ಟೋ ಸಮಾಸಗಳಿಗೆ ಇಷ್ಟು ಶಿಸ್ತಿಲ್ಲ. ಅಂಗಡಿಯವರು 2032 ಕೊಟ್ಟು ‘ಇದೂ ನಡೆಯುತ್ತೆ’ ಎಂದರೆ ನಂಬಬೇಡಿ, ಅದು ಇಮ್ಮಡಿ ದಪ್ಪ.

ಹೊಸದನ್ನು ಕೂರಿಸಿ, ಎಸಿ ಎಂದು ಗುರುತಿರುವ ಜಾಗಕ್ಕೂ ಸೆಲ್ಲಿನ ಮೇಲ್ಮೈಗೂ ಲೋಹದ ಚಿಮುಟವನ್ನು ಒಂದೆರಡು ಸೆಕೆಂಡು ಒಟ್ಟಿಗೆ ತಾಗಿಸಿದೆ. ಅಂಕಿಗಳು ಎದ್ದು ಬಂದವು. ಕೆಲಸ ಅಷ್ಟೇ.

ಹಳೆಯದನ್ನು ಅಪ್ಪ ಟಿ.ವಿ. ಪಕ್ಕದ ತಟ್ಟೆಗೆ ಹಾಕಲು ಹೊರಟರು. ಅಕ್ಕನ ಒಂದೂವರೆ ವರ್ಷದ ಮಗಳು ಅಲ್ಲೇ ಚಮಚ ಕಚ್ಚುತ್ತ ಕೂತಿದ್ದಳು.

“ಅಪ್ಪಾ, ಅದನ್ನ ಇಲ್ಲಿ ಕೊಡು.”

“ಇನ್ನೇನೈತಿ ಯವ್ವಾ ಅದರಾಗ? ಖಾಲಿ ಆಗೇತಲ್ಲ.”

ಮೀಟರಿಗೆ ಹಿಡಿದು ತೋರಿಸಿದೆ: 2.6 ವೋಲ್ಟ್. ಹೊಸದಾಗಿದ್ದಾಗ 3. ವಾಚಿನ ದೀಪಕ್ಕೆ ಸಾಲದು, ಮಗುವಿನ ಅನ್ನನಾಳ ಸುಡಲು ಧಾರಾಳ ಸಾಕು. ಈ ಅಳತೆಯ ಸೆಲ್ಲು ನುಂಗಿದರೆ ಅನ್ನನಾಳದಲ್ಲೇ ಸಿಕ್ಕಿಬೀಳಬಹುದು. ಒಳಗಿನ ತೇವದ ಮೂಲಕ ಕರೆಂಟು ಹರಿದು, ಮೈನಸ್ ಬದಿಯಲ್ಲಿ ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಸೆಲ್ಲು ಒಡೆದು ಸೋರಬೇಕೆಂದೇನೂ ಇಲ್ಲ. 2 ಗಂಟೆಯೊಳಗೇ ಗಂಭೀರ ಗಾಯವಾಗಬಹುದು. ಜೀವ ಹೋದದ್ದೂ ಉಂಟು. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಎಕ್ಸ್-ರೇ ಇರುವ ಆಸ್ಪತ್ರೆಗೆ ಓಡಬೇಕು.

ಇದೆಲ್ಲ ನನಗೆ ಗೊತ್ತಿದ್ದದ್ದು ಅನ್ನ ಕೊಡುವ ಕೆಲಸದಿಂದ. ಹೋದ ವರ್ಷ ಒಂದು ಆಟಿಕೆಯ ಕೈಪಿಡಿಯನ್ನು ಕನ್ನಡಕ್ಕೆ ತಂದೆ. ಅವರ ಪದಪಟ್ಟಿಯಲ್ಲಿ ‘ಖಾಲಿಯಾದ ಬ್ಯಾಟರಿ’ ಎಂದು ಮೊದಲೇ ನಿಗದಿಯಾಗಿತ್ತು. ಖಾಲಿ ಅಂದಮೇಲೆ ಯಾರು ಹೆದರುತ್ತಾರೆ? ಖಾಲಿ ಡಬ್ಬಿ ಮಗುವಿನ ಕೈಗೆ ಕೊಡುವಂಥದ್ದು. ‘ಹಳೆಯ ಸೆಲ್ಲು’ ಎಂದು ಬದಲಿಸಿ, ‘ಮುಗಿದ ಸೆಲ್ಲೂ ಸುಡುತ್ತದೆ’ ಎಂಬ ಮೂರು ಪದ ಸೇರಿಸಿ ಎಂದು ಟಿಪ್ಪಣಿ ಬರೆದೆ. ಪದಪಟ್ಟಿ ಬದಲಾಗುವುದಿಲ್ಲ, ಮೂಲದಲ್ಲಿಲ್ಲದ ವಾಕ್ಯ ಸೇರಿಸುವಂತಿಲ್ಲ ಎಂದು ಉತ್ತರ ಬಂತು. ಸೆಲ್ಲು ಗ್ರಾಮ್ಯವಂತೆ. ಕೈಪಿಡಿ ‘ಖಾಲಿಯಾದ’ ಎಂದೇ ಅಚ್ಚಾಯಿತು.

ಅಪ್ಪ ಮೀಟರನ್ನೇ ನೋಡುತ್ತಿದ್ದರು. ಸೆಲ್ಲಿನ ಎರಡೂ ಮುಖಕ್ಕೆ ಸೆಲ್ಲೊಟೇಪ್ ಸುತ್ತಿ, ಇ-ತ್ಯಾಜ್ಯಕ್ಕೆ ಕೊಡುವವರೆಗೆ ಅಟ್ಟದ ಮೇಲಿನ ಡಬ್ಬಿಗೆ ಹಾಕಿದೆ. “ಊರಾಗೂ ನಾಕೈದು ಬಿದ್ದಾವ, ಗೂಡಿನ್ಯಾಗ,” ಅಂದರು. ಆಮೇಲೆ ಅವ್ವನಿಗೆ ಫೋನು ಹಚ್ಚಿದರು.

ಈ ವಾರ ಅದೇ ಸಂಸ್ಥೆಯಿಂದ ಇನ್ನೊಂದು ಕೈಪಿಡಿ ಬಂದಿದೆ, ಹಾಡುವ ಗೊಂಬೆಯದು. ಪದಪಟ್ಟಿಯೂ ಅದೇ. ನಾನೂ ಅದೇ ಟಿಪ್ಪಣಿ ಕಳಿಸಿದ್ದೇನೆ, ಈ ಸಲ ಮೀಟರಿನ ಫೋಟೊ ಸಮೇತ.